ಯುದ್ಧಕಾಲದಲ್ಲಿ ಒಂದು ಪ್ರಾರ್ಥನಾ ಕೂಟ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ಕೊಟ್ಟಿರುವ ವಿಷಯ 'ಯುದ್ಧಕಾಲದಲ್ಲಿ ಶಾಂತಿಗಾಗಿ ಪ್ರಾರ್ಥನೆ'. ಇದು ಎಲ್ಲಿಂದ ಹುಟ್ಟಿತೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ನಮ್ಮ ಹಾಸ್ಟೆಲಿನ ವಿದ್ಯಾರ್ಥಿನಿಯರು, ಯುದ್ಧದಲ್ಲಿ ಸಾಯುತ್ತಿರುವ ಮಕ್ಕಳನ್ನು ನೆನೆದು, ಊರಿನ ಎಲ್ಲ ಧರ್ಮದ ಹೆಣ್ಣುಮಕ್ಕಳನ್ನು ಕರೆದು ಒಂದು ಪ್ರಾರ್ಥನಾ ಕೂಟ ನಡೆಸಲು ಅನುಮತಿ ಬೇಕೆಂದು ಸಂಘಕ್ಕೆ ಅರ್ಜಿ ಕೊಟ್ಟರು. ಸಭೆಯಲ್ಲಿ ಒಬ್ಬರು ಬೇಕು ಅಂದರು, ಇಬ್ಬರು ಬೇಡ ಅಂದರು, ಉಳಿದವರು ಸುಮ್ಮನಿದ್ದರು. ಕೊನೆಗೆ, ಮೊದಲು ಇದರ ಬಗ್ಗೆ ಒಂದು ಭಾಷಣ ಇಡೋಣ ಎಂದು ತೀರ್ಮಾನವಾಯಿತು. ಯಾವುದಾದರೂ ಕೆಲಸವನ್ನು ಮುಂದಕ್ಕೆ ಹಾಕಬೇಕಾದರೆ ಭಾಷಣ ಇಡುವುದು ನಮ್ಮ ಸಂಘಗಳ ಹಳೆಯ ರೂಢಿ. ಹಾಗಾಗಿ ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಇಂಥ ಕೂಟವೊಂದನ್ನು ನಾನು ಹಿಂದೆ ನಡೆಸಿದ್ದೇನೆ. ಅದು ಕೆಟ್ಟದ್ದು ಹೇಗೆ ಎಂಬುದನ್ನೇ ಮೊದಲು ಹೇಳುತ್ತೇನೆ.

2003ರ ಮಾರ್ಚ್ 20ರಂದು ಇರಾಕಿನ ಮೇಲೆ ಯುದ್ಧ ಆರಂಭವಾಯಿತು. ಬಗ್ದಾದಿನ ಆಕಾಶ ಉರಿಯುವುದನ್ನು ನಾವೆಲ್ಲ ಟೀವಿಯಲ್ಲಿ ಕಂಡೆವು. ನಮ್ಮೂರಿನ ಕೆಲವು ಗೆಳೆಯರು ಸೇರಿ ಮರುವಾರವೇ ಒಂದು ಸರ್ವಧರ್ಮ ಶಾಂತಿ ಪ್ರಾರ್ಥನೆ ಏರ್ಪಡಿಸಿದೆವು. ನಾನೇ ಸಂಚಾಲಕ. ಮೂರು ದಿನ ನಮ್ಮ ಚರ್ಚೆಯೆಲ್ಲ ವೇದಿಕೆಯ ಬಗ್ಗೆ: ಯಾರು ಮಧ್ಯದಲ್ಲಿ ಕೂರಬೇಕು, ಯಾರು ಮೊದಲು ಮಾತನಾಡಬೇಕು, ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಬರಬೇಕು. ಹೆಂಗಸರು ಬರಬಹುದೇ ಎಂದು ಯಾರೋ ಕೇಳಿದಾಗ, ಜಾಗ ಸಾಲದು, ಅವರು ಮನೆಯಲ್ಲೇ ದುಆ ಮಾಡಲಿ ಎಂದುಬಿಟ್ಟೆವು. ಹಾಗೆ ಹೇಳಿದವನು ನಾನೇ.

ಸಂಜೆ ಜನ ಸೇರಿದರು. ಮೂರನೆಯ ಭಾಷಣಕಾರರು ಶಾಂತಿಯ ಮಾತು ಬಿಟ್ಟು ಶಾಪ ಹಾಕತೊಡಗಿದರು. ನಾವು ಕರೆದಿದ್ದ ಅನ್ಯಧರ್ಮದ ಅತಿಥಿಗಳು ಗಡಿಯಾರ ನೋಡಿಕೊಂಡರು. ಪತ್ರಿಕೆಯವರು ಫೋಟೋ ತೆಗೆದುಕೊಂಡರು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಪ್ರಾರ್ಥನೆ ಎಂದು ಕರೆಯಬಹುದಾದ ಭಾಗ ಎಷ್ಟಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ನಾಲ್ಕು ನಿಮಿಷವೂ ಆಗಲಿಲ್ಲ.

ಕುರ್ಚಿಗಳನ್ನು ಜೋಡಿಸಿಡುತ್ತಿದ್ದಾಗ ಗೇಟಿನ ಬಳಿ ಒಬ್ಬ ವೃದ್ಧೆ ನಿಂತಿದ್ದರು. ನಮ್ಮ ಬೀದಿಯವರೇ. ಅವರ ಮಗ ಕುವೈತಿನಲ್ಲಿ ಚಾಲಕನಾಗಿದ್ದ. ಯುದ್ಧದ ಮೊದಲ ದಿನದಿಂದಲೇ ಕುವೈತಿನ ಮೇಲೆ ಇರಾಕಿನಿಂದ ಕ್ಷಿಪಣಿಗಳು ಬರುತ್ತಿದ್ದವು. ಆಕೆಗೆ 1990ರ ನೆನಪೂ ಇತ್ತು. ಆಗ ಕುವೈತಿನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತಂದಿದ್ದರು. ಹಾಗೆ ಕೈಬೀಸಿಕೊಂಡು ಬಂದವರಲ್ಲಿ ಆಕೆಯ ಗಂಡನೂ ಒಬ್ಬರು. ಸಭೆ ನಡೆಯುವಾಗ ಆಕೆ ಹೊರಗೇ ನಿಂತು ಕೈ ಎತ್ತಿ ದುಆ ಮಾಡಿದ್ದರಂತೆ. ನನ್ನನ್ನು ಕಂಡು ಕೇಳಿದರು: "ಮಾಸ್ಟರೇ, ನಾಳೆ ಎಷ್ಟು ಹೊತ್ತಿಗೆ?"

ನಾಳೆ ಇಲ್ಲ ಎಂದೆ. ಯುದ್ಧ ನಿಂತಿತೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ನಾಳೆ ಇಲ್ಲ ಎಂದರು. ವ್ಯಂಗ್ಯ ಮಾಡುವ ಹೆಂಗಸಲ್ಲ ಆಕೆ. ನಿಜವಾಗಿ ಅರ್ಥವಾಗದೆ ಕೇಳಿದ್ದು. ನನ್ನಲ್ಲಿ ಉತ್ತರ ಇರಲಿಲ್ಲ.

ಆ ಮಗ ಕ್ಷೇಮವಾಗಿ ಬಂದ, ಅಲ್ಹಮ್ದುಲಿಲ್ಲಾಹ್. ಆದರೆ ಆ ತಾಯಿಯ ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಕೆಲವು ವರ್ಷಗಳ ನಂತರ ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಹೆಂಗಸರ ಕಥೆ ಓದಿದೆ. ನಾವು ಇಲ್ಲಿ ಕುರ್ಚಿ ಜೋಡಿಸಿಟ್ಟು ಮನೆಗೆ ಹೋದ ಮರುತಿಂಗಳೇ, 2003ರ ಏಪ್ರಿಲಿನಲ್ಲಿ, ಅಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ಹೆಂಗಸರು ಒಂದು ಮೈದಾನದಲ್ಲಿ ಬಂದು ಕುಳಿತಿದ್ದರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ ಬಂದರು. ಇಂದು ನಾನು ಮುಖ್ಯವಾಗಿ ಅವರ ಬಗ್ಗೆ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು ನಮ್ಮ ದೀನಿನ ಕಡೆಯಿಂದ ಎರಡು ಮಾತು. ನಾನು ಆಲಿಮ್ ಅಲ್ಲ, ಫಿಕ್‌ಹಿನ ವಿವರಗಳನ್ನು ನೀವು ಉಸ್ತಾದರಲ್ಲೇ ಕೇಳಬೇಕು. ಆದರೆ ಯುದ್ಧಕಾಲದ ಪ್ರಾರ್ಥನೆ ನಮಗೆ ಹೊರಗಿನಿಂದ ಬಂದ ಫ್ಯಾಷನ್ ಎಂದು ಸಭೆಯಲ್ಲಿ ಒಬ್ಬರು ಹೇಳಿದ್ದರಿಂದ ಇದನ್ನು ನೆನಪಿಸಬೇಕಾಗಿದೆ. ಪವಿತ್ರ ಕುರ್‌ಆನಿನ ಸೂರಾ ಅನ್ನಿಸಾದಲ್ಲಿ ಭಯದ ಸಮಯದ ನಮಾಝಿನ ಕ್ರಮವೇ ಇದೆ. ಶತ್ರು ಎದುರಿಗಿರುವಾಗ ಒಂದು ಗುಂಪು ನಮಾಝಿಗೆ ನಿಲ್ಲಬೇಕು, ಇನ್ನೊಂದು ಗುಂಪು ಕಾವಲಿರಬೇಕು, ಆಮೇಲೆ ಅದಲುಬದಲಾಗಬೇಕು. ಯುದ್ಧ ಬಂತೆಂದು ನಮಾಝ್ ಬಿಡುವಂತಿಲ್ಲ, ನಮಾಝ್ ಇದೆಯೆಂದು ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಇನ್ನು ಬಿಅರ್ ಮಊನಾದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಎಪ್ಪತ್ತರಷ್ಟು ಸಹಾಬಿಗಳನ್ನು ಮೋಸದಿಂದ ಕೊಂದಾಗ ಪ್ರವಾದಿ ಮುಹಮ್ಮದ್ (ಸ) ಅವರು ನಮಾಝಿನಲ್ಲಿ ಕುನೂತ್ ಓದಿದರು. ಎಷ್ಟು ದಿನ? ಒಂದು ತಿಂಗಳು. ವಿಪತ್ತಿನ ಕಾಲದ ಕುನೂತ್‌ಗೆ ಅದೇ ಆಧಾರ. ಕರಾವಳಿಯ ಶಾಫಿಈಗಳಾದ ನಮಗೆ ಸುಬಹ್ ನಮಾಝಿನ ಕುನೂತ್ ದಿನನಿತ್ಯದ ಮಾತು. ಬಹುಶಃ ದಿನನಿತ್ಯದ್ದಾದ ಕಾರಣವೇ ಅದು ಯಾತಕ್ಕೆಂದು ಯೋಚಿಸುವುದನ್ನು ನಾವು ಬಿಟ್ಟಿದ್ದೇವೆ.

ಈಗ ಲೈಬೀರಿಯಾ.

ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರನ್ನು 1820ರ ದಶಕದಲ್ಲಿ ಕರೆತಂದು ನೆಲೆಗೊಳಿಸಿದ ನಾಡು ಅದು. 1847ರಲ್ಲಿ ಸ್ವತಂತ್ರ ಗಣರಾಜ್ಯವಾಯಿತು. ಬಂದವರಿಗೂ ಮೊದಲೇ ಇದ್ದ ಬುಡಕಟ್ಟುಗಳಿಗೂ ನಡುವೆ ಅಸಮಾನತೆ ಬೆಳೆಯಿತು. 1980ರಲ್ಲಿ ಸೇನಾಕ್ರಾಂತಿ, 1989ರ ಡಿಸೆಂಬರಿನಲ್ಲಿ ಚಾರ್ಲ್ಸ್ ಟೇಲರ್ ಎಂಬಾತನ ದಂಗೆ. ಮೊದಲ ಅಂತರ್ಯುದ್ಧ 1997ರವರೆಗೆ ನಡೆದು, ಅದೇ ಟೇಲರ್ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದ. 1999ರಲ್ಲಿ ಆತನ ವಿರುದ್ಧ ಇನ್ನೊಂದು ದಂಗೆ ಎದ್ದಿತು. ಸುಮಾರು ಮೂವತ್ತು ಲಕ್ಷ ಜನರಿದ್ದ ದೇಶದಲ್ಲಿ ಈ ಎರಡು ಯುದ್ಧಗಳಿಂದ ಸತ್ತವರು ಎರಡು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೆ ಮಾದಕ ದ್ರವ್ಯ ಮತ್ತು ಬಂದೂಕು ಕೊಟ್ಟು ಎಲ್ಲ ಪಕ್ಷದವರೂ ಯುದ್ಧಕ್ಕೆ ಕಳಿಸಿದರು.

ಅಲ್ಲಿ ಬಹುಸಂಖ್ಯಾತರು ಕ್ರೈಸ್ತರು. ಮುಸ್ಲಿಮರು ನೂರಕ್ಕೆ ಹನ್ನೆರಡರಷ್ಟು. ಮುಸ್ಲಿಮರಲ್ಲಿ ದೊಡ್ಡ ಸಮುದಾಯ ಮಂಡಿಂಗೊ ಎಂಬ ವ್ಯಾಪಾರಿ ಜನಾಂಗ. ಎಷ್ಟೋ ತಲೆಮಾರಿನಿಂದ ಅಲ್ಲೇ ಇದ್ದರೂ 'ಇವರು ಗಿನಿಯಿಂದ ಬಂದವರು, ನಮ್ಮವರಲ್ಲ' ಎಂಬ ಮಾತು ಅವರ ಬೆನ್ನಿಗಿತ್ತು. ಮೊದಲ ಯುದ್ಧದಲ್ಲಿ ಟೇಲರ್ ಪಡೆ ಅವರನ್ನು ಹುಡುಕಿ ಕೊಂದಿತ್ತು. ಎರಡನೆಯ ಯುದ್ಧದಲ್ಲಿ ಟೇಲರ್ ವಿರುದ್ಧ ಎದ್ದ 'ಲುರ್ಡ್' ಎಂಬ ಬಂಡುಕೋರ ಪಡೆಯಲ್ಲಿ ಮಂಡಿಂಗೊಗಳು ಬಹಳ ಮಂದಿ ಇದ್ದರು. ಅಂದರೆ ರಾಜಧಾನಿ ಮೊನ್ರೋವಿಯಾದಲ್ಲಿ ವಾಸವಾಗಿದ್ದ ಒಬ್ಬ ಮುಸ್ಲಿಮ್ ಹೆಂಗಸಿನ ಸ್ಥಿತಿ ಯೋಚಿಸಿ ನೋಡಿ. ನೆರೆಮನೆಯವರ ಕಣ್ಣಿಗೆ ಆಕೆ ಊರಿಗೆ ಬೆಂಕಿಯಿಡಲು ಬರುತ್ತಿರುವವರ ಸಂಬಂಧಿ. ಬರುತ್ತಿರುವವರ ಗುಂಡು ಬಿದ್ದರೆ ಆಕೆಯ ಮನೆಯ ಮೇಲೂ ಬೀಳುತ್ತದೆ. ನಾವು ಈ ಸ್ಥಿತಿಯನ್ನು ಅರ್ಥಮಾಡಿಕೊಳ್ಳಬಲ್ಲೆವು, ವಿವರಿಸಬೇಕಾಗಿಲ್ಲ.

ಮೊನ್ರೋವಿಯಾದಲ್ಲಿ ಸೇಂಟ್ ಪೀಟರ್ಸ್ ಲುಥೆರನ್ ಚರ್ಚ್ ಇದೆ. 1990ರ ಜುಲೈ 29ರ ರಾತ್ರಿ ಅಲ್ಲಿ ಆಶ್ರಯ ಪಡೆದಿದ್ದ ಸುಮಾರು ಆರುನೂರು ಮಂದಿಯನ್ನು ಅಂದಿನ ಸರಕಾರದ ಸೈನಿಕರು ಕೊಂದಿದ್ದರು. ಲುಥೆರನ್ ಸಭೆಯ ಆಘಾತ ಪರಿಹಾರ ಕಾರ್ಯಕ್ರಮದಲ್ಲಿ, ಬಂದೂಕು ಹಿಡಿದಿದ್ದ ಹುಡುಗರ ನಡುವೆ ಕೆಲಸ ಮಾಡುತ್ತಿದ್ದ ಸಮಾಜ ಕಾರ್ಯಕರ್ತೆ ಲೇಮಾ ಗ್ಬೋವೀ. ವಯಸ್ಸು ಮೂವತ್ತು, ಮಕ್ಕಳ ತಾಯಿ. ಚರ್ಚಿನ ಹೆಂಗಸರನ್ನು ಶಾಂತಿಗಾಗಿ ಪ್ರಾರ್ಥಿಸಲು ಸೇರಿಸು ಎಂಬ ದನಿ ಕನಸಿನಲ್ಲಿ ಕೇಳಿತೆಂದೂ, ಇದು ನನ್ನಂಥವಳಿಗಲ್ಲ, ಬೇರೆ ಯಾರಿಗೋ ಬಂದ ಕನಸು ಎಂದು ತಾನು ಹಿಂಜರಿದೆನೆಂದೂ ಆಕೆ ಹೇಳಿಕೊಂಡಿದ್ದಾರೆ. ಹೆಂಗಸರು ಆ ಚರ್ಚಿನಲ್ಲೇ ಸೇರಿ ಪ್ರಾರ್ಥಿಸತೊಡಗಿದರು.

ಅಂಥ ಒಂದು ಸಭೆಗೆ ಒಬ್ಬ ಮುಸ್ಲಿಮ್ ಮಹಿಳೆ ಬಂದಿದ್ದರು. ಅಸಾತು ಬಾ ಕೆನೆತ್, ಪೊಲೀಸ್ ಅಧಿಕಾರಿ. ಆ ಸಭೆಯಲ್ಲಿದ್ದ ಏಕೈಕ ಮುಸ್ಲಿಮ್. ಎದ್ದು ನಿಂತು, ಇದೇ ಕೆಲಸಕ್ಕೆ ನನ್ನ ಮುಸ್ಲಿಮ್ ಸಹೋದರಿಯರನ್ನೂ ಕರೆತರುತ್ತೇನೆ ಎಂದರು. ಹೇಳಿದಂತೆ ಮುಸ್ಲಿಮ್ ಮಹಿಳೆಯರ ಶಾಂತಿ ಸಂಘಟನೆಯನ್ನು ಕಟ್ಟಿದರು. ಈ ಚಳವಳಿಯ ಬಗ್ಗೆ ಬರೆಯುವವರು ಗ್ಬೋವೀ ಹೆಸರು ಹೇಳಿ ಮುಂದೆ ಹೋಗುತ್ತಾರೆ. ನಮ್ಮ ವಿದ್ಯಾರ್ಥಿನಿಯರು ಅಸಾತು ಹೆಸರನ್ನೂ ನೆನಪಿಡಬೇಕು. ಯಾರೂ ತನ್ನವರಿಲ್ಲದ ಸಭೆಯಲ್ಲಿ ಎದ್ದು ನಿಲ್ಲುವುದು ಸಣ್ಣ ಮಾತಲ್ಲ.

ಎರಡು ಧರ್ಮದ ಹೆಂಗಸರು ಕೂಡುವುದು ಸುಲಭವಾಗಲಿಲ್ಲ. ಮುಸ್ಲಿಮರ ಜೊತೆ ಕೂತು ಪ್ರಾರ್ಥಿಸಿದರೆ ನಮ್ಮ ವಿಶ್ವಾಸ ಕೆಡುತ್ತದೆ ಎಂದು ಕೆಲವು ಕ್ರೈಸ್ತ ಮಹಿಳೆಯರು ಆಕ್ಷೇಪಿಸಿದರು. ಸಂಘಟಕಿಯರು ದೇವಶಾಸ್ತ್ರದ ವಾದಕ್ಕೆ ಇಳಿಯಲಿಲ್ಲ. ಗುಂಡು ಬರುವಾಗ ಇದು ಕ್ರೈಸ್ತಳ ಎದೆ, ಇದು ಮುಸ್ಲಿಮಳ ಎದೆ ಎಂದು ಆರಿಸಿಕೊಂಡು ಬರುತ್ತದೆಯೇ ಎಂದಷ್ಟೇ ಕೇಳಿದರು. ಮುಖ್ಯವಾದ ಇನ್ನೊಂದು ವಿಷಯವಿದೆ. ಅವರು ಎರಡು ಧರ್ಮಗಳನ್ನು ಕಲಸಿ ಒಂದು ಹೊಸ ಪ್ರಾರ್ಥನೆ ತಯಾರಿಸಲಿಲ್ಲ. ಮೈದಾನದಲ್ಲಿ ಮುಸ್ಲಿಮ್ ಮಹಿಳೆಯರು ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು, ಕ್ರೈಸ್ತ ಮಹಿಳೆಯರು ತಮ್ಮ ರೀತಿಯಲ್ಲಿ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಪಕ್ಕದಲ್ಲೇ ಇದ್ದರು. 'ಸರ್ವಧರ್ಮ ಪ್ರಾರ್ಥನೆ' ಎಂದರೆ ನಮ್ಮ ಹಿರಿಯರು ಹೆದರುವುದು ಕಲಬೆರಕೆಗೆ. ಆ ಹೆದರಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರ ಕೂಟವನ್ನೇ ಬೇಡ ಎನ್ನುವುದಲ್ಲ.

ಇದೆಲ್ಲ ಒಂದು ದಿನದಲ್ಲಿ ಆದದ್ದೂ ಅಲ್ಲ. ಮೈದಾನಕ್ಕೆ ಬರುವ ಮೊದಲು ತಿಂಗಳುಗಟ್ಟಲೆ ಅವರು ಮಾಡಿದ ಕೆಲಸವನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಶುಕ್ರವಾರ ಜುಮಾ ಹೊತ್ತಿಗೆ ಮಸೀದಿಗಳ ಬಳಿ, ಶನಿವಾರ ಬೆಳಿಗ್ಗೆ ಸಂತೆಗಳಲ್ಲಿ, ಭಾನುವಾರ ಚರ್ಚುಗಳ ಬಳಿ ಹೋಗಿ ಹೆಂಗಸರ ಜೊತೆ ಮಾತನಾಡಿದರು. ಕರಪತ್ರ ಹಂಚಿದರು. ಓದಲು ಬಾರದವರು ಬಹಳ ಮಂದಿ ಇದ್ದುದರಿಂದ ಚಿತ್ರ ಬಿಡಿಸಿದ ಕರಪತ್ರ ಮಾಡಿದರು. ರೇಡಿಯೋದಲ್ಲಿ ಕರೆ ಕೊಟ್ಟರು. ಕೈಯಲ್ಲಿ ಹಣ ಇರಲಿಲ್ಲ. ನಾವು 2003ರಲ್ಲಿ ಬ್ಯಾನರಿಗೆ ಖರ್ಚು ಮಾಡಿದ್ದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

2003ರ ಏಪ್ರಿಲಿನಲ್ಲಿ ಬಂಡುಕೋರರು ರಾಜಧಾನಿಯನ್ನು ಸಮೀಪಿಸುತ್ತಿದ್ದಾಗ ಹೆಂಗಸರು ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ ಕೂತರು. ಆ ಜಾಗವನ್ನೇ ಏಕೆ ಆರಿಸಿದರು? ಅಧ್ಯಕ್ಷ ಟೇಲರನ ವಾಹನಗಳ ಸಾಲು ದಿನಾ ಹೋಗಿಬರುವ ರಸ್ತೆ ಅದು. ಆತ ಅವರನ್ನು ನೋಡದೆ ಮನೆಗೆ ಹೋಗುವಂತಿರಲಿಲ್ಲ. ಎಲ್ಲರೂ ಬಿಳಿ ಅಂಗಿ, ತಲೆಗೆ ಬಿಳಿ ಬಟ್ಟೆ. ಆಭರಣವಿಲ್ಲ, ಅಲಂಕಾರವಿಲ್ಲ. ಹಾಗಾಗಿ ಮಂತ್ರಿಯ ಹೆಂಡತಿ ಯಾರು, ಮೀನು ಮಾರುವವಳು ಯಾರು, ಮಂಡಿಂಗೊ ಯಾರು ಎಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ಯಾವ ಪಕ್ಷದ ಪರವೂ ಮಾತಿಲ್ಲ. ಅವರು ಕೇಳಿದ್ದು ಇಷ್ಟೇ: ಕೂಡಲೇ ಕದನವಿರಾಮ ಆಗಬೇಕು, ಎರಡೂ ಕಡೆಯವರು ಮಾತುಕತೆಗೆ ಕೂರಬೇಕು, ಶಾಂತಿಪಾಲನಾ ಪಡೆ ಬರಬೇಕು. ಇಂಥವರು ಗೆಲ್ಲಲಿ ಎಂಬ ಪ್ರಾರ್ಥನೆ ಅಲ್ಲಿ ಇರಲಿಲ್ಲ. ಯುದ್ಧಕಾಲದಲ್ಲಿ ಅತಿ ಸುಲಭವಾಗಿ ಬಾಯಿಗೆ ಬರುವ ದುಆ ಅದೇ ಎಂಬುದನ್ನು ನಾನು ನಮ್ಮ ಸಭೆಯಲ್ಲೇ ಕಂಡಿದ್ದೇನೆ.

ಮೇ ತಿಂಗಳು ಬಂತು, ಮಳೆಯೂ ಬಂತು. ಮೊನ್ರೋವಿಯಾದಲ್ಲಿ ವರ್ಷಕ್ಕೆ 4,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ಮಂಗಳೂರಿಗಿಂತ ಹೆಚ್ಚು. ಬಿಸಿಲಿನಲ್ಲಿ ಕುಳಿತ ಹಾಗೆಯೇ ಆ ಮಳೆಯಲ್ಲೂ ಕುಳಿತರು. ಮನೆಯಲ್ಲಿ ಅಡಿಗೆಗೆ ಅಕ್ಕಿ ಇಲ್ಲದವರೂ ಅವರಲ್ಲಿದ್ದರು.

ಅಷ್ಟರಲ್ಲಿ ಏಪ್ರಿಲ್ 23ರಂದು ಟೇಲರ್ ಅವರನ್ನು ಭೇಟಿಗೆ ಕರೆದಿದ್ದ. ಬಿಳಿ ಬಟ್ಟೆಯ ಹೆಂಗಸರು ಅಧ್ಯಕ್ಷರ ನಿವಾಸಕ್ಕೆ ನಡೆದರು. ಮನವಿಯನ್ನು ಓದುವಾಗ ಗ್ಬೋವೀ ಅದನ್ನು ಟೇಲರನಿಗಲ್ಲ, ಅಲ್ಲಿದ್ದ ಸೆನೆಟಿನ ಮಹಿಳಾ ಮುಖ್ಯಸ್ಥೆ ಗ್ರೇಸ್ ಮೈನರ್ ಅವರನ್ನು ಉದ್ದೇಶಿಸಿ ಓದಿದರು. ನೀವೂ ಒಬ್ಬ ಹೆಣ್ಣು, ಇದನ್ನು ಅಧ್ಯಕ್ಷರಿಗೆ ತಲುಪಿಸಿ ಎಂಬ ಧಾಟಿ. ಟೇಲರ್ ಮಾತುಕತೆಗೆ ಒಪ್ಪಿದ. ಬಂಡುಕೋರರೂ ಒಪ್ಪಬೇಕಲ್ಲ! ಅವರ ನಾಯಕರು ನೆರೆಯ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿದ್ದರು. ಅಸಾತು ಕೆನೆತ್ ಮತ್ತು ಎಟ್ವೆಡಾ ಕೂಪರ್ ಎಂಬ ಹಿರಿಯ ಕ್ರೈಸ್ತ ಮಹಿಳೆ ಅಲ್ಲಿಗೆ ಹೋದರು. ಅಲ್ಲಿದ್ದ ಲೈಬೀರಿಯಾದ ನಿರಾಶ್ರಿತ ಹೆಂಗಸರನ್ನು ಸೇರಿಸಿಕೊಂಡು ಬಂಡುಕೋರರು ತಂಗಿದ್ದ ಹೋಟೆಲಿನ ಹೊರಗೆ ಕೂತರು. ಅವರೂ ಒಪ್ಪಿದರು.

ಜೂನ್ 4ರಂದು ಘಾನಾದ ರಾಜಧಾನಿ ಅಕ್ರಾದಲ್ಲಿ ಮಾತುಕತೆ ಆರಂಭವಾಯಿತು. ಅದೇ ದಿನ ಟೇಲರ್ ಮೇಲಿನ ಯುದ್ಧಾಪರಾಧದ ಆರೋಪಪಟ್ಟಿ ಬಹಿರಂಗವಾಗಿ ಆತ ಊರಿಗೆ ಓಡಿಬಂದ. ಮಾತುಕತೆ ಮಾತ್ರ ವಾರಗಟ್ಟಲೆ ಎಳೆಯಿತು. ಕಾಡಿನಲ್ಲಿ ಹುಡುಗರನ್ನು ಸಾಯಲು ಬಿಟ್ಟ ನಾಯಕರು ಹೋಟೆಲುಗಳಲ್ಲಿ ಹಾಯಾಗಿದ್ದರು. ಮಂತ್ರಿಗಿರಿ ಯಾರಿಗೆ ಎಂಬುದೇ ಚರ್ಚೆ. ಅತ್ತ ಮೊನ್ರೋವಿಯಾದ ಮೇಲೆ ಫಿರಂಗಿ ಗುಂಡುಗಳು ಬೀಳುತ್ತಿದ್ದವು.

ಹೆಂಗಸರು ಚಂದಾ ಎತ್ತಿ ಒಂದು ತಂಡವನ್ನು ಅಕ್ರಾಕ್ಕೆ ಕಳಿಸಿದ್ದರು. ಜುಲೈ ಕೊನೆಯ ಭಾಗದಲ್ಲಿ ಒಂದು ದಿನ, ರಾಜಧಾನಿಯ ಸಾವುಗಳ ಸುದ್ದಿ ಬಂದಾಗ, ಅವರ ತಾಳ್ಮೆ ಮುಗಿಯಿತು. ಮಾತುಕತೆಯ ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ, ಕೈಗೆ ಕೈ ಹೆಣೆದು ಕೂತರು. ಒಪ್ಪಂದವಾಗದೆ ಯಾರೂ ಹೊರಗೆ ಬರುವಂತಿಲ್ಲ ಎಂದರು. ಕಾವಲುಗಾರರು ಗ್ಬೋವೀಯನ್ನು ಬಂಧಿಸಲು ಬಂದರು. ಆಗ ಆಕೆ ತನ್ನ ಬಟ್ಟೆಗೇ ಕೈ ಹಾಕಿದರು. ಈ ಸಭೆಯಲ್ಲಿ ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ, ಆದರೆ ಮುಚ್ಚಿಡುವುದು ಸರಿಯಲ್ಲ. ತಾಯಿಯಾದವಳು ಬೇಕೆಂದೇ ಗಂಡಸರ ಮುಂದೆ ವಿವಸ್ತ್ರಳಾದರೆ ಅದು ಅವರಿಗೆ ತಟ್ಟುವ ಘೋರ ಶಾಪ ಎಂಬ ನಂಬಿಕೆ ಪಶ್ಚಿಮ ಆಫ್ರಿಕಾದಲ್ಲಿ ಇದೆ. ಕಾವಲುಗಾರರು ಹಿಂದೆ ಸರಿದರು. ಇದನ್ನು ಅನುಕರಿಸಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಒಬ್ಬ ಹೆಣ್ಣುಮಗಳನ್ನು ಆ ಸ್ಥಿತಿಗೆ ತಂದವರು ಯಾರು ಎಂದು ಯೋಚಿಸಿ, ಅಷ್ಟೇ.

ಮಧ್ಯಸ್ಥಗಾರರಾಗಿದ್ದವರು ನೈಜೀರಿಯಾದ ಮಾಜಿ ರಾಷ್ಟ್ರಾಧ್ಯಕ್ಷ ಜನರಲ್ ಅಬ್ದುಲ್ ಸಲಾಮಿ ಅಬೂಬಕರ್. 1999ರಲ್ಲಿ ಸೇನೆಯ ಕೈಯಿಂದ ಅಧಿಕಾರವನ್ನು ಚುನಾಯಿತ ಸರಕಾರಕ್ಕೆ ಒಪ್ಪಿಸಿ ಇಳಿದ ಮನುಷ್ಯ. ಹೆಂಗಸರನ್ನು ತುಳಿದುಕೊಂಡು ಹೊರಬರಲು ನೋಡಿದ ಒಬ್ಬ ಬಂಡುಕೋರ ನಾಯಕನನ್ನು ಅವರೇ ಗದರಿಸಿ ಒಳಗೆ ಕಳಿಸಿದರು. ಹೆಂಗಸರ ಜೊತೆ ಕುಳಿತು ಮಾತನಾಡಿದರು. ಆ ದಿನದಿಂದ ಮಾತುಕತೆಯ ದನಿಯೇ ಬದಲಾಯಿತು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ಹೋದ. 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಇಲ್ಲಿ ನಾನು ಒಂದು ಎಚ್ಚರಿಕೆ ಹೇಳಬೇಕು. ಹೆಂಗಸರು ಪ್ರಾರ್ಥಿಸಿದರು, ಯುದ್ಧ ನಿಂತಿತು ಎಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಅದು ಪೂರ್ತಿ ಸತ್ಯವಲ್ಲ. ಟೇಲರ್ ಮೇಲೆ ನ್ಯಾಯಾಲಯದ ಆರೋಪಪಟ್ಟಿ ಇತ್ತು, ಅಮೆರಿಕದ ಒತ್ತಡ ಇತ್ತು, ಆಗಸ್ಟಿನಲ್ಲಿ ನೈಜೀರಿಯಾದ ಸೈನಿಕರು ಬಂದರು, ಆಮೇಲೆ ವಿಶ್ವಸಂಸ್ಥೆ 15,000 ಸೈನಿಕರ ಪಡೆಗೆ ಒಪ್ಪಿಗೆ ಕೊಟ್ಟಿತು. ಹೆಂಗಸರು ಮನೆಯೊಳಗೆ ಗಂಡಂದಿರೊಡನೆ ಹೂಡಿದ ಅಸಹಕಾರದ ಬಗ್ಗೆ ಹೊರದೇಶದ ಪತ್ರಿಕೆಗಳು ಬಹಳ ಬರೆದವು. ಅದರಿಂದ ಪ್ರಚಾರ ಸಿಕ್ಕಿತೇ ಹೊರತು ಹೆಚ್ಚಿನ ಪರಿಣಾಮವಾಗಲಿಲ್ಲ ಎಂದು ಗ್ಬೋವೀ ತಾವೇ ಹೇಳಿದ್ದಾರೆ. ಒಟ್ಟಿಗೆ ಪ್ರಾರ್ಥಿಸಿದ ಮಾತ್ರಕ್ಕೆ ಎರಡು ಸಮುದಾಯಗಳ ದ್ವೇಷ ಆರಿಹೋಯಿತು ಎಂದೂ ತಿಳಿಯಬೇಡಿ. 2004ರ ಅಕ್ಟೋಬರ್ ಕೊನೆಯಲ್ಲಿ ಅದೇ ಮೊನ್ರೋವಿಯಾದಲ್ಲಿ ಗಲಭೆಯಾಗಿ ಮಸೀದಿಗಳೂ ಚರ್ಚುಗಳೂ ಸುಟ್ಟವು, ಹತ್ತಕ್ಕೂ ಹೆಚ್ಚು ಜನ ಸತ್ತರು. ಒಪ್ಪಂದವಾಗಿ ಒಂದು ವರ್ಷದ ಮೇಲೆ!

ಹಾಗಾದರೆ ಅವರು ಕೂತದ್ದರಿಂದ ಏನಾಯಿತು? ನನಗೆ ತೋರುವುದು ಇದು. ಎಲ್ಲರೂ ಸೋತು ಒಗ್ಗಿಹೋಗಿದ್ದ ಒಂದು ಯುದ್ಧಕ್ಕೆ ಅವರು ಒಗ್ಗಿಕೊಳ್ಳಲು ಒಪ್ಪಲಿಲ್ಲ. ಮಾತುಕತೆಗೆ ಹೋಗುವುದಾಗಿ ಟೇಲರ್ ಮಾತು ಕೊಟ್ಟ ಮೇಲೂ ಏಳಲಿಲ್ಲ, ಸಹಿಯಾದ ಮೇಲೂ ಸುಮ್ಮನಾಗಲಿಲ್ಲ. 2003ರ ಡಿಸೆಂಬರಿನಲ್ಲಿ ಹುಡುಗರಿಂದ ಬಂದೂಕು ಹಿಂಪಡೆಯುವ ಕೆಲಸ ಗೊಂದಲವಾದಾಗ ಬಿಳಿ ಬಟ್ಟೆಯವರು ಅಲ್ಲಿಗೂ ಹೋಗಿ ಹುಡುಗರನ್ನು ಸಮಾಧಾನಪಡಿಸಿದರು. 2005ರ ಚುನಾವಣೆಗೆ ಹೆಂಗಸರ ಹೆಸರು ಪಟ್ಟಿಗೆ ಸೇರಿಸಿದರು. ಅದರಲ್ಲಿ ಗೆದ್ದ ಎಲ್ಲೆನ್ ಜಾನ್ಸನ್ ಸರ್ಲೀಫ್ ಆಫ್ರಿಕಾದಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಚುನಾಯಿತರಾದ ಮೊದಲ ಮಹಿಳೆ. 2011ರಲ್ಲಿ ಸರ್ಲೀಫ್, ಗ್ಬೋವೀ ಮತ್ತು ಯಮನಿನ ತವಕ್ಕುಲ್ ಕರ್ಮಾನ್ ಮೂವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ದೇಶಕ್ಕೂ ಇದರಲ್ಲಿ ಒಂದು ಪಾಲಿದೆ. 2007ರ ಜನವರಿಯಿಂದ 2016ರ ಫೆಬ್ರವರಿವರೆಗೆ ಮೊನ್ರೋವಿಯಾದಲ್ಲಿ ಗಸ್ತು ತಿರುಗಿದ, ಅಧ್ಯಕ್ಷರ ಕಚೇರಿಗೆ ಕಾವಲಿದ್ದ ವಿಶ್ವಸಂಸ್ಥೆಯ ಪೊಲೀಸ್ ತುಕಡಿ ಭಾರತದ ಸಿ.ಆರ್.ಪಿ.ಎಫ್. ಹೆಣ್ಣುಮಕ್ಕಳದ್ದು. ಸಂಪೂರ್ಣ ಮಹಿಳೆಯರೇ ಇದ್ದ ಅಂಥ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು.

ಶಾಂತಿ ಕೇಳಿದರೆ ನ್ಯಾಯವನ್ನು ಬಿಟ್ಟುಕೊಟ್ಟಂತೆ ಅಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. 2012ರಲ್ಲಿ ಟೇಲರನಿಗೆ 50 ವರ್ಷ ಸೆರೆಮನೆ ಶಿಕ್ಷೆಯಾಯಿತು. ಆದರೆ ಅದು ನೆರೆಯ ಸಿಯೆರಾ ಲಿಯೋನಿನ ಯುದ್ಧದಲ್ಲಿ ಆತ ಮಾಡಿಸಿದ ಅಪರಾಧಗಳಿಗೆ. ತನ್ನ ದೇಶದೊಳಗಿನ ಕೊಲೆಗಳಿಗಾಗಿ ಆತ ವಿಚಾರಣೆ ಎದುರಿಸಲಿಲ್ಲ. ಆ ನೋವು ಅಲ್ಲಿನ ಜನರಲ್ಲಿದೆ. ಕದನವಿರಾಮ ಬೇಡಿದ ಹೆಂಗಸರು ಕೊಂದವರನ್ನು ಕ್ಷಮಿಸಿ ಎಂದು ಹೇಳಿರಲಿಲ್ಲ, ಇನ್ನು ಕೊಲ್ಲಬೇಡಿ ಎಂದಿದ್ದರು. ಹುದೈಬಿಯಾ ಒಪ್ಪಂದವನ್ನು ನೆನೆಯಿರಿ. ಹಿಜರಿ ಆರನೆಯ ವರ್ಷ. ಆ ಒಪ್ಪಂದ ಏಕಪಕ್ಷೀಯವೆಂದು ಸಹಾಬಿಗಳಿಗೇ ತೋರಿತು. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿವರ್ಯರು (ಸ) ಹೇಳಿದರೂ ದುಃಖದಲ್ಲಿ ಯಾರೂ ಏಳಲಿಲ್ಲ. ಆಗ ಡೇರೆಯೊಳಗೆ ಸಲಹೆ ಕೊಟ್ಟವರು ಉಮ್ಮು ಸಲಮಾ (ರ). ಯಾರಿಗೂ ಏನೂ ಹೇಳದೆ ಹೊರಗೆ ಹೋಗಿ ನೀವೇ ಮೊದಲು ಮಾಡಿ ಎಂದರು. ಪ್ರವಾದಿವರ್ಯರು ಹಾಗೇ ಮಾಡಿದರು, ಎಲ್ಲರೂ ಎದ್ದರು. ಹೆಣ್ಣಿನ ಸಲಹೆಗೆ ಅಂದು ಡೇರೆಯಲ್ಲಿ ಜಾಗವಿತ್ತು. ನಮ್ಮ 2003ರ ಕೂಟದಲ್ಲಿ ಗೇಟಿನ ಒಳಗೂ ಜಾಗವಿರಲಿಲ್ಲ.

ಯುದ್ಧ ದೂರದ್ದು, ನಮಗೇಕೆ ಎನ್ನುವವರಿಗೆ ಒಂದೇ ಮಾತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸತ್ತ ವೈದ್ಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯವನು. ಊಟದ ಸಾಮಾನು ತರಲು ಹೊರಗೆ ಹೋಗಿದ್ದ.

ಈಗ ವಿದ್ಯಾರ್ಥಿನಿಯರ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಅವರು ಕೇಳಿರುವುದು ಒಂದು ದಿನದ ಕಾರ್ಯಕ್ರಮ, ಮುಖ್ಯ ಅತಿಥಿ, ಧ್ವನಿವರ್ಧಕ, ಸ್ಮರಣಿಕೆ. ಮಕ್ಕಳೇ, ಇದನ್ನು ನೀವು ನಮ್ಮಿಂದಲೇ ಕಲಿತದ್ದು, ತಪ್ಪು ನಿಮ್ಮದಲ್ಲ. ನನ್ನನ್ನು ಕೇಳಿದರೆ ಮುಖ್ಯ ಅತಿಥಿ ಬೇಡ, ವೇದಿಕೆಯೂ ಬೇಡ. ಚಾಪೆ ಹಾಸಿ. ನೆರೆಹೊರೆಯ ಹೆಂಗಸರನ್ನು ಮನೆಗೆ ಹೋಗಿ ಕರೆಯಿರಿ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ. ಬರುವ ಹಿಂದೂ, ಕ್ರೈಸ್ತ ಸಹೋದರಿಯರು ಅವರವರ ರೀತಿಯಲ್ಲಿ ಪ್ರಾರ್ಥಿಸಲಿ, ಇಲ್ಲವೇ ಸುಮ್ಮನೆ ಕೂರಲಿ. ನೀವು ನಿಮ್ಮ ದುಆ ಮಾಡಿ. ಯಾರ ಸೋಲನ್ನೂ ಬೇಡಬೇಡಿ. ಯುದ್ಧದ ಬಗ್ಗೆ ಭಾಷಣ ಇಟ್ಟರೆ ಅರ್ಧ ಗಂಟೆಯಲ್ಲಿ ರಾಜಕೀಯ ಬರುತ್ತದೆ, ಆದ್ದರಿಂದ ಭಾಷಣವೂ ಬೇಡ. ನನ್ನದೂ ಸೇರಿ.

ಆದರೆ ಪ್ರಾರ್ಥನೆಯ ಜೊತೆಗೆ ಒಂದು ಬೇಡಿಕೆ ಇರಲಿ, ಸ್ಪಷ್ಟವಾದ ವಿಳಾಸ ಇರಲಿ. ಗಾಯಗೊಂಡವರಿಗೆ ಔಷಧಿ ತಲುಪಲು ದಾರಿ ಬಿಡಿ ಎಂದೋ, ಸಿಕ್ಕಿಹಾಕಿಕೊಂಡ ವಿದ್ಯಾರ್ಥಿಗಳನ್ನು ಕರೆತನ್ನಿ ಎಂದೋ, ಆ ಹೊತ್ತಿಗೆ ಯಾವುದು ಬೇಕೋ ಅದನ್ನು ಬರೆದು ಎಲ್ಲರೂ ಸಹಿ ಮಾಡಿ ನಮ್ಮ ಸಂಸದರಿಗೆ ಕಳಿಸಿ. ಉತ್ತರ ಬಾರದಿದ್ದರೆ ಮರುವಾರ ಮತ್ತೆ ಕಳಿಸಿ. ಪರಿಹಾರಕ್ಕೆ ಹಣ ಎತ್ತುವುದಾದರೆ ರಶೀದಿ ಕೊಡಿ, ಲೆಕ್ಕವನ್ನು ಬಾಗಿಲಿಗೆ ಅಂಟಿಸಿ. ಈ ವಿಷಯದಲ್ಲಿ ನಮ್ಮ ಸಮುದಾಯದ ಸಂಸ್ಥೆಗಳು ಪಡೆದ ಕೆಟ್ಟ ಹೆಸರು ಸಾಕು.

ಎಷ್ಟು ದಿನ ಎಂದು ಕೇಳುತ್ತೀರಿ. ಮೊದಲ ದಿನ ಇನ್ನೂರು ಮಂದಿ ಬರಬಹುದು. ಮೂರನೆಯ ದಿನ ಇಪ್ಪತ್ತು. ಪರೀಕ್ಷೆ ಹತ್ತಿರ ಬಂದಾಗ ಐದು. ಆ ಐದು ಮಂದಿ ಯಾರೆಂದು ಈಗಲೇ ನಿಮ್ಮನಿಮ್ಮಲ್ಲಿ ಮಾತಾಡಿಕೊಳ್ಳಿ. ಅಂಥ ಐವರು ಸಿಕ್ಕರೆ ಕೂಟ ಆರಂಭಿಸಿ, ಸಿಗದಿದ್ದರೆ ಆರಂಭಿಸಬೇಡಿ.

ಅಧ್ಯಕ್ಷರಲ್ಲಿ ನನ್ನದೊಂದು ವಿನಂತಿ. ಅರ್ಜಿಯನ್ನು ಮುಂದಿನ ಸಭೆಗೆ ಇಡದೆ ಇಂದೇ ಒಪ್ಪಿಗೆ ಕೊಡಬೇಕು. ಹಾಸ್ಟೆಲಿನ ಮುಂದಿನ ಜಗಲಿ ಸಾಕು. ಅಸರ್ ನಮಾಝಿನ ನಂತರ ಮಗ್ರಿಬಿಗೆ ಮುಂಚೆ ಅರ್ಧ ಗಂಟೆ. ಗೇಟಿನ ಬೀಗದ ಕೈ ವಾರ್ಡನ್ ಬಳಿ ಇದೆಯಂತೆ. ಆ ಅರ್ಧ ಗಂಟೆ ಗೇಟು ತೆರೆದೇ ಇರಬೇಕೆಂದು ಅವರಿಗೆ ಹೇಳಿಬಿಡಿ.